ಹೊಟ್ಟಿನ ಒಲೆಯ ಕೋಳಿ ಸಾರು

ಇವತ್ತು ಬೆಳಿಗ್ಗೆ ನನ್ನ ಮಗಳು ಗೌರಿ ಅಡುಗೆಮನೆಯ ಕಟ್ಟೆಯ ಮೇಲೆ ಒಂದು ಕರೆಂಟು ಗಡಿಗೆ ಇಟ್ಟು ಕೆಲಸಕ್ಕೆ ಹೋದಳು. ಅವಳು ಅದನ್ನು ಸ್ಲೋ ಕುಕ್ಕರ್ ಅನ್ನುತ್ತಾಳೆ. ಒಳಗೆ ಪಿಂಗಾಣಿ, ಹೊರಗೆ ತಗಡು, ಮೇಲೆ ಗಾಜಿನ ಮುಚ್ಚಳ, ಮುಂದೆ ಒಂದೇ ಒಂದು ಗುಂಡಿ. ಹೋಗುವಾಗ ಬಾಗಿಲಲ್ಲಿ ನಿಂತು ಹೇಳಿದಳು: "ಅಮ್ಮ, ಗುಂಡಿ ನಾನೇ ತಿರುವಿದೀನಿ. ಮುಚ್ಚಳ ತೆಗೀಬೇಡ, ಸೌಟು ಹಾಕ್ಬೇಡ, ಅದರ ಮುಂದೆ ನಿಂತ್ಕಂಡು ಬೈಬೇಡ. ಸಾಯಂಕಾಲಕ್ಕೆ ತಾನೇ ಆಗ್ತೈತೆ."

ಒಳಗೆ ಇರುವುದು ಕೋಳಿ. ನನಗೆ ಸಕ್ಕರೆ ಕಾಯಿಲೆ, ಮಂಡಿ ನೋವು, ಬಾಯಲ್ಲಿ ಹಲ್ಲು ಇದ್ದೂ ಇಲ್ಲದ ಹಾಗೆ. ಡಾಕ್ಟರು ಎಣ್ಣೆ ಬಿಡು ಅಂದ, ಕೊಬ್ಬರಿ ಬಿಡು ಅಂದ, ಖಾರ ಕಡಿಮೆ ಮಾಡು ಅಂದ. ಇಷ್ಟೆಲ್ಲ ಬಿಟ್ಟ ಮೇಲೆ ಕೋಳಿ ಸಾರಿನಲ್ಲಿ ಉಳಿಯುವುದು ಕೋಳಿ ಒಂದೇ. ಅದಕ್ಕೆ ಬೆಳ್ಳುಳ್ಳಿ, ಶುಂಠಿ, ಮೆಣಸು, ಅರಿಶಿನ, ಒಂದು ಹಿಡಿ ನುಗ್ಗೆ ಸೊಪ್ಪು ಹಾಕಿದೆ. ಗೌರಿ ಕ್ಯಾರೆಟ್ಟೂ ಹಾಕು ಅಂದಳು, ಹಾಕಿದೆ. ಕೋಳಿಯ ಜೊತೆ ಕ್ಯಾರೆಟ್ಟು ಯಾಕೆ ಅಂತ ನನಗೆ ಈ ವಯಸ್ಸಿಗೂ ತಿಳಿದಿಲ್ಲ, ನಿಮಗೇನಾದರೂ ತಿಳಿದಿದ್ದರೆ ಹೇಳಿ.

ಆ ಗಡಿಗೆಗೆ ಸದ್ದೇ ಇಲ್ಲ. ಕೂಗುವುದಿಲ್ಲ, ಉಸ್ಸೆನ್ನುವುದಿಲ್ಲ. ಒಳಗೆ ಬೇಯುತ್ತಿದೆಯೋ ಸುಮ್ಮನೆ ಕೂತಿದೆಯೋ ಗೊತ್ತಾಗುವುದಿಲ್ಲ. ನಾನು ಕುರ್ಚಿ ಎಳೆದುಕೊಂಡು ಅದರ ಎದುರಿಗೆ ಕೂತೆ. ಬಿಸಿಲು ಏರಿ ನಡುಮನೆಗೆ ಬರುವ ಹೊತ್ತಿಗೆ ಮುಚ್ಚಳದ ಅಂಚಿನಿಂದ ಸಣ್ಣಗೆ ಒಂದು ವಾಸನೆ ಬಂತು. ಮೂಳೆಯ ವಾಸನೆ. ಅವಸರದಲ್ಲಿ ಬೇಯಿಸಿದ ಕೋಳಿಗೆ ಈ ವಾಸನೆ ಬರುವುದಿಲ್ಲ. ಅಲ್ಲಿ ಮಸಾಲೆ ಮುಂದೆ ಓಡಿ ಬರುತ್ತದೆ, ಮೂಳೆ ಮನೆಯಲ್ಲೇ ಉಳಿಯುತ್ತದೆ. ಇದನ್ನು ನಾನು ಚೆನ್ನಾಗಿ ಬಲ್ಲೆ. ಯಾಕೆಂದರೆ ಒಂದು ಕಾಲದಲ್ಲಿ ಈ ಮೂಳೆಯ ನೀರಿನ ಮೇಲೆ ನಾವಿಬ್ಬರೂ, ನಾನೂ ಗೌರಿಯೂ, ನಿಂತಿದ್ದೆವು.

ನಮ್ಮದು ಮಡಕಶಿರಾ ಕಡೆ, ಅಮರಾಪುರದ ಹತ್ತಿರದ ಹಳ್ಳಿ. ಕಡಲೆಕಾಯಿ, ರಾಗಿ, ಕುರಿ, ಇಷ್ಟೇ ಊರು. ಅಲ್ಲಿ ಕೋಳಿಗಳು ಹಗಲೆಲ್ಲ ಹೊಲ ಕೆದರಿ, ಮುಳ್ಳುಬೇಲಿ ನುಗ್ಗಿ, ನಾಯಿಯಿಂದ ತಪ್ಪಿಸಿಕೊಂಡು ಬೆಳೆದವು. ಅಂಥ ಕೋಳಿಯ ಮಾಂಸ ಒಂದು ಕುದಿಗೆ ಬಗ್ಗುವುದಿಲ್ಲ. ಮಣ್ಣಿನ ಗಡಿಗೆಯಲ್ಲಿ ಹಾಕಿ ಕೆಂಡದ ಮೇಲೆ ಬಿಟ್ಟುಬಿಡಬೇಕು, ಅದರ ಪಾಡಿಗೆ ಅದು ಮೆತ್ತಗಾಗಬೇಕು. ನನ್ನ ಗಂಡ ಶಿರಾದಲ್ಲಿ ಇನ್ನೊಂದು ಸಂಸಾರ ಮಾಡಿಕೊಂಡ. ಅದು ಬೇರೆ ಕತೆ, ಹೇಳುವಷ್ಟು ದೊಡ್ಡದೂ ಅಲ್ಲ. ಮೈದುನನ ಮನೆಯಲ್ಲಿ ಸ್ವಲ್ಪ ಕಾಲ ಇದ್ದೆವು. ಅವನು ತನ್ನ ಹೆಂಡತಿಯ ಅಣ್ಣನಿಗೆ ನಮ್ಮ ಗೌರಿಯನ್ನು ಕೊಡಿಸಬೇಕು ಅಂತ ಶುರು ಮಾಡಿದ. ಆ ಮನುಷ್ಯನಿಗೆ ಆಗಲೇ ಒಬ್ಬ ಹೆಂಡತಿ ತೀರಿಹೋಗಿ, ಗೌರಿಯ ಸಮಕ್ಕೆ ಬರುವ ಮಗಳಿದ್ದಳು. ರಾಯದುರ್ಗದಲ್ಲಿ ಜೀನ್ಸ್ ಪ್ಯಾಂಟು ಹೊಲಿಯುವ ಯೂನಿಟ್ಟುಗಳು ಎದ್ದಿವೆ, ಹೆಣ್ಣುಮಕ್ಕಳನ್ನು ಮಿಷನ್ನಿಗೆ ಕೂರಿಸುತ್ತಾರೆ ಅಂತ ಯಾರೋ ಹೇಳಿದ್ದು ಕಿವಿಗೆ ಬಿದ್ದಿತ್ತು. ಒಂದು ಬೆಳಿಗ್ಗೆ ಎರಡು ಚೀಲ ಕಟ್ಟಿಕೊಂಡು ಬಸ್ಸು ಹತ್ತಿದೆವು.

ಗೌರಿಯ ಕೈ ಚುರುಕು. ಬೇಗನೇ ಅವಳನ್ನು ಹಿಂದಿನ ಜೇಬು ಹೊಲಿಯುವ ಮಿಷನ್ನಿಗೆ ಕೂರಿಸಿದರು. ನನಗೆ ದಾರ ಕತ್ತರಿಸುವ ಕೆಲಸ. ಹೊಲಿದು ಬಂದ ಪ್ಯಾಂಟಿನಲ್ಲಿ ಅಲ್ಲಲ್ಲಿ ಬಾಲದ ಹಾಗೆ ನೇತಾಡುವ ದಾರಗಳನ್ನು ಸಣ್ಣ ಕತ್ತರಿಯಿಂದ ಚುಟುಕು ಚುಟುಕಾಗಿ ಕತ್ತರಿಸುವುದು. ಓದು ಬೇಡ, ಬರಹ ಬೇಡ, ಕಣ್ಣು ಸಾಕು. ಅಲ್ಲಿ ಹೊಲಿಯುವುದು ಇನ್ನೂ ನೀರು ಕಾಣದ ಬಟ್ಟೆ. ಹೊಲಿದ ಮೇಲೆ ಬಳ್ಳಾರಿಗೆ ಹೋಗುತ್ತಿತ್ತು, ತೊಳೆದು ಬಣ್ಣ ಇಳಿಸುವುದೆಲ್ಲ ಅಲ್ಲಿ. ಬಳ್ಳಾರಿಯವರು ಇಳಿಸುವ ಮುಂಚೆ ಸಾಕಷ್ಟು ಬಣ್ಣ ನಮ್ಮ ಮೇಲೇ ಇಳಿದಿರುತ್ತಿತ್ತು. ಬೆರಳು ನೀಲಿ, ಸೆರಗು ನೀಲಿ, ಮೂಗು ಸೀನಿದರೆ ಅದೂ ನೀಲಿ. ಮುದ್ದೆ ನುಂಗುವಾಗ ಮುದ್ದೆಯ ಮೇಲೆ ಬೆರಳಿನ ಗುರುತು ಕಾಣುತ್ತಿತ್ತು. ಯಾರೂ ಅಸಹ್ಯ ಪಡುತ್ತಿರಲಿಲ್ಲ.

ನಾವು ಬಾಡಿಗೆಗೆ ಇದ್ದದ್ದು ಗುರುಬಸಮ್ಮನವರ ಹಿತ್ತಲಿನ ಸಾಲುಕೋಣೆಯಲ್ಲಿ. ಗುರುಬಸಮ್ಮ ಶಿವಭಕ್ತರ ಮನೆತನದ ವಿಧವೆ, ಹಣೆಗೆ ವಿಭೂತಿ, ಕೊರಳಲ್ಲಿ ಲಿಂಗ, ಕೈಯಲ್ಲಿ ಯಾವಾಗಲೂ ಒಂದು ಕೋಲು. ಮಗ ಬಜಾರಿನಲ್ಲಿ ಕಿರಾಣಿ ಅಂಗಡಿ ಇಟ್ಟಿದ್ದ. ಕೋಣೆ ತೋರಿಸುವಾಗಲೇ ಆಕೆ ನನ್ನನ್ನು ಮೇಲಿಂದ ಕೆಳಗೆ ನೋಡಿ ಹೇಳಿದ್ದರು: "ನೋಡವಾ, ನೀವು ತಿನ್ನೋ ಮಂದಿ ಅಂತ ನನಗ ಗೊತ್ತೈತಿ. ಹೊರಗ ತಿಂದು ಬರ್ರಿ, ನಾ ಕೇಳಂಗಿಲ್ಲ. ಒಳಗ ಬ್ಯಾಡ. ಮೊಟ್ಟಿ ಸೈತ ಬ್ಯಾಡ." ನನಗೆ ಆ ಮಾತು ಹಿಡಿಸಿತು. ಒಳಗೊಂದು ಹೊರಗೊಂದು ಇಟ್ಟುಕೊಳ್ಳುವವರಿಗಿಂತ ಬಾಗಿಲಲ್ಲೇ ಹೇಳುವವರು ಮೇಲು. ಹೌದ್ರಿ ಅಂದೆ. ಮಾತು ಉಳಿಸಿಕೊಂಡೆ.

ದೀಪಾವಳಿ ಹತ್ತಿರ ಬಂದು ಯೂನಿಟ್ಟಿನಲ್ಲಿ ಆರ್ಡರು ತುಂಬಿ ತುಳುಕುವಾಗ ಗೌರಿ ಜ್ವರ ಹಿಡಿದು ಮಲಗಿದಳು. ಆಸ್ಪತ್ರೆಗೆ ಒಯ್ದೆ, ಬಾಟಲಿ ಏರಿಸಿದರು, ಜ್ವರ ಬಿಟ್ಟಿತು. ಆದರೆ ಹುಡುಗಿ ಏಳಲಿಲ್ಲ. ಗಂಜಿ ಕೊಟ್ಟರೆ ವಾಂತಿ, ಬ್ರೆಡ್ಡು ಕೊಟ್ಟರೆ ವಾಂತಿ. ಗೋಡೆ ಹಿಡಿದು ನಿಂತರೆ ಮಂಡಿ ತಾಳ ಹಾಕುತ್ತಿತ್ತು. ಯೂನಿಟ್ಟಿನ ಮಾಲೀಕ ಕೆಟ್ಟವನಲ್ಲ, ಅವನ ತಲೆಯ ಮೇಲೆ ಅವನ ಆರ್ಡರು. ನನ್ನನ್ನು ಕರೆದು ತೆಲುಗಿನಲ್ಲಿ, "ಸೋಮವಾರಂ ದಾಕಾ ಚೂಸ್ತಾನಮ್ಮಾ, ತರ್ವಾತ ಇಂಕೋ ಅಮ್ಮಾಯಿನಿ ಕೂರ್ಚೋಪೆಡ್ತಾ" ಅಂದ. ಸೋಮವಾರದ ತನಕ ನೋಡುತ್ತೇನೆ, ಆಮೇಲೆ ಇನ್ನೊಬ್ಬ ಹುಡುಗಿಯನ್ನು ಕೂರಿಸುತ್ತೇನೆ ಅಂತ. ಆ ಇನ್ನೊಬ್ಬ ಹುಡುಗಿ ಆಗಲೇ ಬಾಗಿಲ ಹತ್ತಿರ ಟಿಫನ್ ಡಬ್ಬಿ ಹಿಡಿದು ನಿಂತಿದ್ದಳು. ಅವಳದೂ ತಪ್ಪಿಲ್ಲ.

ಮಿಷನ್ನು ಹೋದರೆ ಏನಾಗುತ್ತದೆ ಅಂತ ನನಗೆ ಕೂತು ಯೋಚಿಸಬೇಕಾಗಿರಲಿಲ್ಲ. ದಾರ ಕತ್ತರಿಸುವ ಕೂಲಿಯಲ್ಲಿ ಕೋಣೆ ನಿಲ್ಲುವುದಿಲ್ಲ. ಕೋಣೆ ಹೋದರೆ ಊರು. ಊರಿಗೆ ಹೋದರೆ ಮೈದುನ ಚಪ್ಪರದ ಕಂಬ ನೆಡುವುದಕ್ಕೆ ಗುಣಿ ತೋಡಿಕೊಂಡು ಕಾಯುತ್ತಿದ್ದ. ಹಾಗಾಗಿ ನನಗೆ ಬೇಕಾಗಿದ್ದದ್ದು ಒಂದೇ. ಸೋಮವಾರ ಬೆಳಿಗ್ಗೆ ಗೌರಿ ತನ್ನ ಕಾಲ ಮೇಲೆ ನಡೆದು ಬಂದು ಮಿಷನ್ನಿನ ಮುಂದೆ ಕೂರಬೇಕು. ಅಂಥ ಮೈಗೆ ನಮ್ಮ ಕಡೆ ಕೊಡುವುದು ನಾಟಿ ಹೇಂಟೆಯ ಮೂಳೆ ಸಾರು. ಎಣ್ಣೆ ಇಲ್ಲ, ಮಸಾಲೆ ಇಲ್ಲ, ಮೆಣಸು ಬೆಳ್ಳುಳ್ಳಿ ಹಾಕಿ ಅರ್ಧ ದಿನ ಕಾಯಿಸಿದ ತಿಳಿ. ಊರಿನ ಕಡೆಗೆ ಹೋಗಿ ಬರುವವರ ಕೈಲಿ ಹೇಳಿ ಕಳಿಸಿ ಒಂದು ಹೇಂಟೆ ತರಿಸಿದೆ. ಬಜಾರಿನ ಕಸಾಯಿ ಅಂಗಡಿಯಲ್ಲೇ ಕೊಯ್ಯಿಸಿ, ತುಂಡು ಮಾಡಿಸಿ, ಎಲೆಯಲ್ಲಿ ಕಟ್ಟಿಸಿಕೊಂಡು ನೇರವಾಗಿ ಗುರುಬಸಮ್ಮನ ಮುಂದೆ ಹೋಗಿ ನಿಂತೆ.

"ಅಮ್ಮಾರೆ, ಮಗಳಿಗೆ ಕೋಳಿ ಸಾರು ಕಾಯಿಸಬೇಕು. ನಿಮ್ಮ ಒಳಗೆ ಕಾಯಿಸಲ್ಲ. ಎಲ್ಲಿ ಕಾಯಿಸಲಿ, ನೀವೇ ಹೇಳಿ."

ಆಕೆ ನನ್ನ ಕೈಯಲ್ಲಿದ್ದ ಎಲೆಯ ಗಂಟನ್ನು ನೋಡಿದರು. "ಡಾಕ್ಟರ್ ಹೇಳ್ಯಾನೇನು?"

"ಇಲ್ಲ. ನಾನೇ ಹೇಳ್ತಾ ಇದೀನಿ."

ಕೋಲು ಎತ್ತಿ ಹಿತ್ತಲ ಬಾಗಿಲ ಆಚೆ ತೋರಿಸಿದರು. "ಆ ಬೇವಿನ ಗಿಡ ಐತಲ್ಲ, ಅದರ ಆಚಿ ಕಡಿ. ಗಿಡ ನಂದು, ಆಚಿ ಕಡಿ ನಂದಲ್ಲ. ವಾಸನಿ ಮಾತ್ರ ಒಳಗ ಬರಬಾರದು."

"ವಾಸನೆಗೆ ನಾನು ಹಗ್ಗ ಕಟ್ಟೋಕೆ ಆಯ್ತದಾ ಅಮ್ಮಾರೆ?"

"ಬಾಯಿ ಭಾಳ ಆತು ನಿಂದು. ಹೋಗು, ಹಚ್ಚು."

ಈಗ ನಿಮಗೆ ಹೊಟ್ಟಿನ ಒಲೆಯ ವಿಷಯ ಹೇಳಬೇಕು, ಇಲ್ಲದಿದ್ದರೆ ಮುಂದಿನದು ತಿಳಿಯುವುದಿಲ್ಲ. ನಾನೂ ಕೆಲಸ ತಪ್ಪಿಸಿ ಮನೆಯಲ್ಲಿ ಕೂರುವ ಹಾಗಿರಲಿಲ್ಲ. ಗಡಿಗೆ ತಾನೇ ಬೇಯಬೇಕು, ನಾನು ದಾರ ಕತ್ತರಿಸಬೇಕು. ಅದಕ್ಕೆ ಒಂದು ಹಳೆಯ ಎಣ್ಣೆ ಡಬ್ಬ ತೆಗೆದುಕೊಂಡು ಬುಡದ ಪಕ್ಕದಲ್ಲಿ ತೂತು ಮಾಡುವುದು. ನಡುವೆ ಒಂದು ಬಾಟಲಿ ನಿಲ್ಲಿಸಿ ಸುತ್ತಲೂ ಕಡಲೆಕಾಯಿ ಹೊಟ್ಟನ್ನು ಕೈಯಿಂದ ಗುದ್ದಿ ಗುದ್ದಿ ತುಂಬುವುದು. ರಾಯದುರ್ಗದವರು ಅದನ್ನು ಶೇಂಗಾ ಹೊಟ್ಟು ಅನ್ನುತ್ತಾರೆ, ಉರಿಯುವುದು ಒಂದೇ ರೀತಿ. ಆಮೇಲೆ ಬಾಟಲಿಯನ್ನು ಮೆಲ್ಲಗೆ ಎಳೆದರೆ ನಡುವೆ ಒಂದು ಕೊಳವೆ ಉಳಿಯುತ್ತದೆ. ಕೆಳಗಿನ ತೂತಿನಿಂದ ಬೆಂಕಿ ಕೊಟ್ಟರೆ ಹೊಟ್ಟು ಉರಿಯುವುದಿಲ್ಲ, ಒಳಗೊಳಗೇ ಕೆಂಡವಾಗಿ ಕನಲುತ್ತದೆ. ಅರ್ಧ ದಿನ ಕನಲುತ್ತದೆ. ಗೌರಿಯ ಕರೆಂಟು ಗಡಿಗೆ ಮಾಡುವ ಕೆಲಸವೂ ಇದೇ. ಇದಕ್ಕೆ ಬಿಲ್ಲು ಬರುತ್ತದೆ, ಅದಕ್ಕೆ ಹೊಗೆ ಬರುತ್ತಿತ್ತು, ಅಷ್ಟೇ ವ್ಯತ್ಯಾಸ. ಹೊಗೆಗಿಂತ ಬಿಲ್ಲು ವಾಸಿ.

ಶನಿವಾರ ಬೆಳಿಗ್ಗೆ ಒಲೆ ಹಚ್ಚಿ ಗಡಿಗೆ ಇಟ್ಟೆ. ಹಬೆ ಹೊರಗೆ ಹೋಗಬಾರದು, ವಾಸನೆಯೂ ಹೋಗಬಾರದು. ಊರಲ್ಲಾದರೆ ಮುಚ್ಚಳದ ಸುತ್ತ ರಾಗಿ ಹಿಟ್ಟಿನ ಕಣಕ ಮೆತ್ತುತ್ತಿದ್ದೆ. ಆವತ್ತು ಹಿಟ್ಟು ಮುಗಿದಿತ್ತು. ಕೋಣೆಯಲ್ಲಿ ಯೂನಿಟ್ಟಿನಿಂದ ತಂದ ಜೀನ್ಸಿನ ಪಟ್ಟಿ ಪಟ್ಟಿ ಚಿಂದಿ ಬೇಕಾದಷ್ಟಿತ್ತು. ಅದರಲ್ಲೇ ನಾವು ಬಾಗಿಲ ಸಂದು ಮುಚ್ಚುತ್ತಿದ್ದೆವು, ಬಿಸಿ ಪಾತ್ರೆ ಇಳಿಸುತ್ತಿದ್ದೆವು, ಮಂಚದ ಕಾಲು ಕಟ್ಟುತ್ತಿದ್ದೆವು. ದಪ್ಪ ಬಟ್ಟೆ, ಗಟ್ಟಿ ಬಟ್ಟೆ. ಒಂದು ಉದ್ದನೆಯ ಪಟ್ಟಿಯನ್ನು ನೀರಿನಲ್ಲಿ ನೆನೆಸಿ, ಗಡಿಗೆಯ ಕಂಠಕ್ಕೂ ಮುಚ್ಚಳಕ್ಕೂ ಬಿಗಿಯಾಗಿ ಸುತ್ತಿ, ಏನು ತಲೆ ನನ್ನದು ಅಂತ ನನ್ನನ್ನೇ ಮೆಚ್ಚಿಕೊಂಡು ಕೆಲಸಕ್ಕೆ ಹೋದೆ.

ಊಟದ ಹೊತ್ತಿಗೆ ಓಡಿ ಬಂದು ಮುಚ್ಚಳ ಬಿಚ್ಚಿದೆ. ಒಳಗೆ ನೀಲಿ. ತಿಳಿ ನೀಲಿಯಲ್ಲ, ದೀಪಾವಳಿಗೆ ಹೊಸ ಪ್ಯಾಂಟು ನೆನೆಸಿದ ಬಕೆಟ್ಟಿನ ನೀಲಿ. ಹಬೆ ಮುಚ್ಚಳಕ್ಕೆ ಏರಿ, ಬಟ್ಟೆಯಲ್ಲಿದ್ದ ಬಣ್ಣವನ್ನೆಲ್ಲ ಹಿಂಡಿಕೊಂಡು, ಹನಿ ಹನಿಯಾಗಿ ಸಾರಿಗೇ ಇಳಿದಿತ್ತು. ಕೋಳಿಯ ಕಾಲು ಸೌಟಿನಲ್ಲಿ ಎದ್ದು ಬಂತು, ಅದೂ ನೀಲಿ. ನಾನು ಗಡಿಗೆ ಹಿಡಿದು ಹಾಗೇ ನಿಂತೆ. ಮಲಗಿದಲ್ಲಿಂದ ಗೌರಿ ಕೇಳಿದಳು, "ಏನಾಯ್ತಮ್ಮ?" ತಂದು ತೋರಿಸಿದೆ. ಅವಳು, "ಜೇಬು ಎಲ್ಲಿ ಹೊಲೀಲಿ ಇದಕ್ಕೆ" ಅಂದಳು. ಜ್ವರ ಬಂದ ಮೇಲೆ ಅವಳು ಆಡಿದ ಮೊದಲನೇ ತಮಾಷೆ ಅದು. ನನಗೆ ನಗು ಬರಲಿಲ್ಲ.

ಹಿತ್ತಲ ಬಾಗಿಲಿನಿಂದ ಗುರುಬಸಮ್ಮ ಸೆರಗು ಮೂಗಿಗೆ ಹಿಡಿದು ಇಣುಕಿದರು. "ಏನಾತು? ಯಾಕ ಹಂಗ ನಿಂತಿ?"

"ಬಣ್ಣ ಬಿಟ್ಟೈತೆ ಅಮ್ಮಾರೆ."

"ಕೋಳಿ ಬಣ್ಣ ಬಿಡತೈತೇನು?"

"ಕೋಳಿ ಅಲ್ಲ, ಬಟ್ಟೆ."

"ಕೋಳಿ ಸಾರಿಗೆ ಬಟ್ಟಿ ಯಾಕ ಹಾಕ್ತೀರಿ?" ಅಂದು, ಆಮೇಲೆ ತಾವೇ ತಗ್ಗಿದ ದನಿಯಲ್ಲಿ, "ನಮಗೇನು ಗೊತ್ತವಾ, ನಾವು ತಿನ್ನೋರಲ್ಲ" ಅಂದರು.

ನೀಲಿ ಕೋಳಿಯನ್ನು ಬೇವಿನ ಗಿಡದ ಆಚೆ ಸುರಿದೆ. ಬೀದಿಯ ನಾಯಿಗಳು ಬಂದು ಬಣ್ಣ ಗಿಣ್ಣ ನೋಡದೆ ತಿಂದು ಹೋದವು. ಅವಕ್ಕೇನೂ ಆಗಲಿಲ್ಲ, ಒಂದರ ಮೂತಿ ಮಾತ್ರ ಸಂಜೆಯ ತನಕ ನಮ್ಮ ಯೂನಿಟ್ಟಿನವರ ಕೈಯ ಹಾಗೆ ಇತ್ತು. ಆದರೆ ಆ ಜಾಗ ಅವಕ್ಕೆ ಗುರುತಾಗಿಬಿಟ್ಟಿತು. ಇದು ನನಗೆ ತಿಳಿದದ್ದು ಮಾರನೆಯ ದಿನ.

ಭಾನುವಾರವೂ ಯೂನಿಟ್ಟು ಇತ್ತು, ಹಬ್ಬದ ಕೆಲಸ. ಬೆಳಿಗ್ಗೆ ಬೆಳಿಗ್ಗೆಯೇ ಸಂತೆ ಬೀದಿಗೆ ಹೋಗಿ ಇನ್ನೊಂದು ಹೇಂಟೆ ಕೊಂಡೆ. ಊರಿನದರಷ್ಟು ಗಟ್ಟಿ ಇರಲಿಲ್ಲ, ಇದ್ದದ್ದು ಅದೇ. ರಾಗಿ ಹಿಟ್ಟು ತಂದು ಕಣಕ ಕಲಸಿ ಮುಚ್ಚಳಕ್ಕೆ ಮೆತ್ತಿ, ಒಲೆ ಹಚ್ಚಿ ತಿರುಗಿ ನೋಡಿದರೆ ನಾಯಿಗಳು ಊಟಕ್ಕೆ ಕರೆದ ಹಾಗೆ ಸುತ್ತ ಕೂತಿವೆ. ಕಲ್ಲು ಬೀಸಿದೆ, ನಾಲ್ಕು ಹೆಜ್ಜೆ ಹಿಂದೆ ಹೋಗಿ ಮತ್ತೆ ಕೂತವು. ನಾನು ಹೋದ ಕೂಡಲೇ ಗಡಿಗೆ ಉರುಳುತ್ತದೆ ಅನ್ನುವುದು ನನಗೂ ಗೊತ್ತು, ಅವಕ್ಕೂ ಗೊತ್ತು. ಯೂನಿಟ್ಟಿನ ಗಂಟೆ ಆಗುತ್ತಿತ್ತು. ನನಗೆ ಆ ಹೊತ್ತು ಅಳು ಬಂತು ಅಂತ ಹೇಳಿದರೆ ನಿಮಗೆ ಚೆನ್ನಾಗಿರುತ್ತದೆ, ಆದರೆ ಬರಲಿಲ್ಲ. ಮೈಯೆಲ್ಲ ಕೋಪ ಬಂತು.

ಗುರುಬಸಮ್ಮ ಒಂದು ಮಣೆ ತಂದು ಹಿತ್ತಲ ಹೊಸ್ತಿಲ ಒಳಗಡೆ ಹಾಕಿಕೊಂಡು ಕೂತರು. ಸೆರಗನ್ನು ಮೂಗಿನ ಮೇಲೆ ಸುತ್ತಿ ಹಿಂದೆ ಗಂಟು ಹಾಕಿದರು. ಕೋಲನ್ನು ತೊಡೆಯ ಮೇಲೆ ಇಟ್ಟುಕೊಂಡರು.

"ಹೋಗು ನೀನು" ಅಂದರು.

"ಅಮ್ಮಾರೆ, ನೀವು..."

"ನಿನ್ನ ಕೋಳಿ ಕಾಯಾಕ ಕುಂತಿಲ್ಲ ನಾನು. ನನ್ನ ಹಿತ್ತಲಕ್ಕ ನಾಯಿ ಬರಬಾರದು ಅಂತ ಕುಂತೀನಿ. ಹೋಗು, ಹೊತ್ತಾತು."

ಹೋದೆ. ಆವತ್ತು ಎಷ್ಟು ಪ್ಯಾಂಟಿನ ದಾರ ಕತ್ತರಿಸಿದೆನೋ, ಎಷ್ಟು ಪ್ಯಾಂಟಿನ ಬಟ್ಟೆ ಕತ್ತರಿಸಿದೆನೋ ನೆನಪಿಲ್ಲ. ಮಧ್ಯಾಹ್ನ ಬಂದಾಗ ಆಕೆ ಅದೇ ಮಣೆಯ ಮೇಲೆ ಇದ್ದರು. ಸುತ್ತಮುತ್ತ ನಾಯಿ ಇರಲಿಲ್ಲ. ಒಲೆಯ ಬಾಯಿಗೆ ಒಂದಷ್ಟು ಬೂದಿ ಬಿದ್ದಿತ್ತು, ಅದು ನಾನು ಹಾಕಿದ್ದಲ್ಲ.

"ಉರಿ ಮ್ಯಾಲಕ ಬಂದಿತ್ತು. ಒಳಗ ಕೊತ ಕೊತ ಅನ್ನಾಕ ಹತ್ತಿತ್ತು. ಸಪ್ಪಳ ಕೇಳಿ ನನಗ ಸರಿ ಅನ್ಸಲಿಲ್ಲ. ಬೂದಿ ಹಾಕಿ ಇಳಿಸೀನಿ."

"ನೀವು ಮುಟ್ಟಿದ್ರಾ?"

"ಬೆಂಕಿ ಮುಟ್ಟೀನಿ, ಗಡಿಗಿ ಮುಟ್ಟಿಲ್ಲ. ಸುಮ್ನ ನಿಲ್ಲಬ್ಯಾಡ, ಹುಡುಗಿಗೆ ಹಾಕು. ನಾ ಜಳಕ ಮಾಡಬೇಕು."

ಒಣಗಿ ಬಿರಿದ ಕಣಕ ಒಡೆದು ಮುಚ್ಚಳ ತೆಗೆದೆ. ಎಳ್ಳೆಣ್ಣೆಯ ಬಣ್ಣದ ತಿಳಿ, ಮೇಲೆ ಕೋಳಿಯದೇ ಸಣ್ಣ ಸಣ್ಣ ಎಣ್ಣೆ ಕಣ್ಣು. ಗೌರಿಗೆ ಮೊದಲು ಚಮಚದಲ್ಲಿ ಕೊಟ್ಟೆ, ಆಮೇಲೆ ಲೋಟದಲ್ಲಿ. ಕುಡಿದು ಗೋಡೆಗೆ ಒರಗಿ ಕೂತಳು. ನಾನು ಬಕೆಟ್ಟು ಹತ್ತಿರ ಎಳೆದು ವಾಂತಿಗೆ ಕಾದೆ. ಬರಲಿಲ್ಲ. ನಿದ್ದೆ ಬಂತು. ಸಂಜೆ ಎದ್ದು ಇನ್ನೊಂದು ಲೋಟ ಕೇಳಿದಳು, ತಾನೇ ಕೇಳಿದಳು. ಜೊತೆಗೆ ಎರಡು ತುತ್ತು ಮುದ್ದೆ. ಇನ್ನೊಂದು ಲೋಟದಷ್ಟು ಸಾರು ಗಡಿಗೆಯ ತಳದಲ್ಲಿ ಉಳಿಯಿತು.

ಸೋಮವಾರ ಬೆಳಿಗ್ಗೆ ನಾನು ಒಲೆ ಹಚ್ಚಲಿಲ್ಲ. ಸೋಮವಾರ ಗುರುಬಸಮ್ಮನಿಗೆ ಶಿವನ ದಿನ. ಆವತ್ತು ಆಕೆ ಈರುಳ್ಳಿಯ ಸಿಪ್ಪೆಯನ್ನೂ ಅಂಗಳದಲ್ಲಿ ಬಿಡುತ್ತಿರಲಿಲ್ಲ. ನಾಯಿ ಬಾರದಂತೆ ಕಾದವರ ಮೂಗಿನ ಕೆಳಗೆ ಆ ದಿನ ಕೋಳಿ ಕಾಯಿಸುವಷ್ಟು ದಡ್ಡಿ ನಾನಲ್ಲ. ಗೌರಿಗೆ ಒಂದು ಲೋಟ ರಾಗಿ ಗಂಜಿ ಕೊಟ್ಟು ಕರೆದೊಯ್ಯೋಣ, ಹೊಟ್ಟೆಯಲ್ಲಿ ನಿಂತರೆ ನಿಂತೀತು ಅಂದುಕೊಂಡೆ. ಎರಡು ಗುಟುಕಿಗೇ ಅವಳ ಮುಖ ಬಿಳಿಚಿತು. ಲೋಟ ಕೆಳಗಿಟ್ಟಳು.

ಅಷ್ಟರಲ್ಲಿ ಗುರುಬಸಮ್ಮ ಪೂಜೆಗೆ ಹೂವು ಬಿಡಿಸಿಕೊಂಡು ನಮ್ಮ ಬಾಗಿಲ ಮುಂದೆ ಬಂದರು. ಮಿಂದು ಮಡಿಯಲ್ಲಿದ್ದರು, ಹಣೆಯ ವಿಭೂತಿ ಇನ್ನೂ ಹಸಿ.

"ಇವತ್ಯಾಕ ಒಲಿ ಹಚ್ಚಿಲ್ಲ?"

"ಸೋಮವಾರ ಅಲ್ವಾ ಅಮ್ಮಾರೆ."

"ಸೋಮವಾರ ನನಗ ಐತಿ. ಆ ಹುಡುಗಿಗೆ ಮಿಷನ್ ಐತಿ. ಹಚ್ಚು."

ಹಚ್ಚಿ ಉಳಿದಿದ್ದ ಸಾರು ಬಿಸಿಗಿಟ್ಟೆ. ಆಕೆ ಒಳಗೆ ಹೋಗಿ ಹಿತ್ತಲ ಬಾಗಿಲು ಹಾಕಿಕೊಂಡು ಗಂಟೆ ಬಾರಿಸುತ್ತಾ ಪೂಜೆಗೆ ಕೂತರು. ಗೌರಿ ಬೇವಿನ ಗಿಡದ ಆಚೆ ನಿಂತುಕೊಂಡೇ ಆ ಕೊನೆಯ ಲೋಟ ಕುಡಿದಳು. ಯೂನಿಟ್ಟಿಗೆ ನಡೆದೇ ಹೋದೆವು, ಮಧ್ಯೆ ಎರಡು ಕಡೆ ಜಗಲಿಯ ಮೇಲೆ ಕೂತು. ಬಾಗಿಲಲ್ಲಿದ್ದ ಹುಡುಗಿ ನಮ್ಮನ್ನು ನೋಡಿ ಟಿಫನ್ ಡಬ್ಬಿಯನ್ನು ಇನ್ನೊಂದು ಕೈಗೆ ಬದಲಾಯಿಸಿಕೊಂಡಳು. ಗೌರಿ ಹೋಗಿ ಮಿಷನ್ನಿನ ಮುಂದೆ ಕೂತಳು. ಮಾಲೀಕ ನೋಡಿದ, ಮುಂದೆ ಹೋದ. ಅವಳು ಹೊಲಿದ ಮೊದಲನೇ ಜೇಬು ಸೊಟ್ಟ, ಎರಡನೆಯದೂ ಸೊಟ್ಟ, ಬಿಚ್ಚಿ ಮತ್ತೆ ಹೊಲಿದಳು. ಹೊಲಿದಳು ಅನ್ನುವುದು ಮುಖ್ಯ. ಮೈದುನ ತನ್ನ ಹೆಂಡತಿಯ ಅಣ್ಣನಿಗೆ ಆಮೇಲೆ ಬೇರೆ ಕಡೆ ಹೆಣ್ಣು ನೋಡಿದ. ಆ ಮನುಷ್ಯ ಚೆನ್ನಾಗಿಯೇ ಇದ್ದಾನಂತೆ. ಇರಲಿ.

ಇದನ್ನು ಕೇಳಿ ಗುರುಬಸಮ್ಮ ಬದಲಾದರು ಅಂತ ತಿಳಿಯಬೇಡಿ. ಮುಂದಿನ ತಿಂಗಳು ಪಕ್ಕದ ಕೋಣೆಯವನು ಭಾನುವಾರ ಬೇವಿನ ಗಿಡದ ಆಚೆ ಮೀನು ಹುರಿಯಲೇ ಅಂತ ಕೇಳಿದ್ದಕ್ಕೆ ಕೋಲು ಎತ್ತಿದರು. "ಅಕಿ ಮಗಳಿಗೆ ಜಡ್ಡಾಗಿತ್ತು. ನಿನಗ ಏನಾಗೇತಿ?" ಅಂದರು. ನನಗೂ ಬಾಡಿಗೆಯಲ್ಲಿ ಒಂದು ಪೈಸೆ ಬಿಡಲಿಲ್ಲ. ನಾನೂ ಕೇಳಲಿಲ್ಲ. ಈಗ ಆಕೆ ಇಲ್ಲ.

ಗೌರಿ ಸಂಜೆ ಬಂದಳು. ಅವಳದೇ ಸಣ್ಣ ಯೂನಿಟ್ಟು ಈಗ, ಶೆಡ್ಡಿನಲ್ಲಿ ಒಂದಷ್ಟು ಮಿಷನ್ನು, ಸೊಂಟದಲ್ಲಿ ಬೀಗದ ಕೈ ಗೊಂಚಲು. ಕೈ ತೊಳೆದು ಬಂದು ಗಾಜಿನ ಮುಚ್ಚಳ ತೆಗೆದು ಎರಡು ಬಟ್ಟಲಿಗೆ ಸಾರು ಹಾಕಿದಳು. ಚೆನ್ನಾಗಿತ್ತು. ಸುಳ್ಳು ಯಾಕೆ ಹೇಳಲಿ, ಹೊಟ್ಟಿನ ಒಲೆಯದಕ್ಕಿಂತ ಕಡಿಮೆಯೇನಲ್ಲ. ಕ್ಯಾರೆಟ್ಟೂ ತಿಂದೆ.

ಕುಡಿಯುತ್ತಾ ಅವಳು ಯೂನಿಟ್ಟಿನ ತಾಪತ್ರಯ ತೆಗೆದಳು. ಕಣೇಕಲ್ಲಿನಿಂದ ಬಂದ ಹುಡುಗಿಯೊಬ್ಬಳು ಜಿಪ್ಪು ಕೂರಿಸುವ ಮಿಷನ್ನಿನಲ್ಲಿದ್ದಾಳೆ, ಜ್ವರ ಬಂದು ಮಲಗಿದ್ದಾಳೆ, ಕೆಲಸ ನಿಂತಿದೆ. "ನಾಳೆ ಇನ್ನೊಬ್ಬಳನ್ನ ಕೂರಿಸ್ತೀನಮ್ಮ. ಏನ್ ಮಾಡೋದು, ಆರ್ಡರು ಕೊಟ್ಟ ಪಾರ್ಟಿ ಬಿಡಲ್ಲ."

ನನ್ನ ಬಟ್ಟಲು ಕೆಳಗಿಟ್ಟೆ. "ಉಳಿದಿರೋದನ್ನ ಡಬ್ಬಿಗೆ ಹಾಕು. ಅವಳಿಗೆ ಕೊಟ್ಟು ಬಾ."

"ಅವರು ತಿನ್ನಲ್ಲಮ್ಮ. ಅವಳ ಕೊರಳಲ್ಲಿ ಲಿಂಗ ಐತೆ."

"ಹಂಗಾದ್ರೆ ಹೆಸರುಬೇಳೆ ತಗೋ. ಅವಳ ಮನೆ ಪಾತ್ರೇಲೇ ಕಟ್ಟು ಮಾಡಿ ಕುಡಿಸ್ತೀನಿ."

"ನೀನಾ? ಈಗಲಾ? ಮಂಡಿ?"

"ಮಂಡಿ ಹಿಂದ್ಗಡೆ ಕೂತ್ಕಂಡು ಬರ್ತೈತೆ. ಗಾಡಿ ತೆಗಿ."

ಅವಳು ಕೂತೇ ಇದ್ದಳು. "ಮಿಷನ್ನು ಖಾಲಿ ಬಿಡಕ್ಕಾಗಲ್ಲಮ್ಮ" ಅಂದಳು, ಸ್ವಲ್ಪ ಗಟ್ಟಿಯಾಗಿಯೇ.

"ಮಿಷನ್ನು ನಿಂದು, ನಾನು ಹೇಳಲ್ಲ. ಯಾರನ್ನ ಬೇಕಾದ್ರೂ ಕೂರಿಸು. ಅವಳ ಮುಖ ನೋಡ್ಕಂಡು ಬಂದ ಮೇಲೆ ಕೂರಿಸು."

ಗೌರಿ ತನ್ನ ಬೆರಳು ನೋಡಿಕೊಂಡಳು. ಆಮೇಲೆ ಎದ್ದು ಹೋಗಿ ಗಾಡಿಯ ಕೀಲಿ ಹುಡುಕಿದಳು. ನಾನು ಹೆಸರುಬೇಳೆಯ ಡಬ್ಬ ಇಳಿಸಿ ಒಂದು ಪಾವು ಅಳೆದೆ, ಸಾಲದು ಅನ್ನಿಸಿ ಇನ್ನೊಂದು ಹಿಡಿ ಹಾಕಿಕೊಂಡೆ.